ಆರೋಗ್ಯವಾಗಿದ್ದ ದನಗಳು ತಂದ ಜ್ವರ

ದಕ್ಷಿಣದಿಂದ ಒಂದು ದನದ ಹಿಂಡು ಬರುತ್ತದೆ. ಎಲ್ಲವೂ ಗಟ್ಟಿಮುಟ್ಟಾಗಿವೆ. ದಾರಿಯಲ್ಲಿ ಮೇಯುತ್ತಾ ಮುಂದೆ ಸಾಗುತ್ತವೆ. ಒಂದು ತಿಂಗಳು ಕಳೆದ ಮೇಲೆ ಅದೇ ಹುಲ್ಲುಗಾವಲಿನಲ್ಲಿ ಮೇದ ಊರಿನ ದನಗಳಿಗೆ ವಿಪರೀತ ಜ್ವರ ಬರುತ್ತದೆ. ಮೂತ್ರ ಕೆಂಪಾಗುತ್ತದೆ. ಒಂದೊಂದಾಗಿ ಸಾಯತೊಡಗುತ್ತವೆ. ರೋಗ ತಂದವು ಮಾತ್ರ ಆರಾಮಾಗಿವೆ! ಇನ್ನೂ ವಿಚಿತ್ರ ಏನೆಂದರೆ, ಜ್ವರ ಬಂದ ದನದ ಪಕ್ಕದಲ್ಲೇ ಕಟ್ಟಿದ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಚಳಿಗಾಲದ ಹಿಮ ಬಿದ್ದರೆ ರೋಗ ತಾನಾಗಿಯೇ ನಿಲ್ಲುತ್ತದೆ.

1868ರಲ್ಲಿ ಟೆಕ್ಸಾಸ್‌ನ ದನಗಳು ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದಾಗ ನಡೆದದ್ದು ಇದೇ. ಅದಕ್ಕೆ ಟೆಕ್ಸಾಸ್ ಜ್ವರ ಎಂದೇ ಹೆಸರಾಯಿತು. ದನಗಳ ಜೊಲ್ಲು ಕಾರಣ, ಸಗಣಿ ಕಾರಣ ಅಂತ ತಿಳಿದವರು ವಾದ ಮಾಡಿದರು. ದನ ಕಾಯುವವರು ಮಾತ್ರ 'ಉಣುಗು ನೋಡಿ, ಉಣುಗು' ಎನ್ನುತ್ತಿದ್ದರು. ಅವರ ಮಾತನ್ನು ಹೆಚ್ಚಿನ ಪಂಡಿತರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಂಡವರು ರೋಗಾಣು ವಿಜ್ಞಾನಿ ಥಿಯೋಬಾಲ್ಡ್ ಸ್ಮಿತ್ ಮತ್ತು ಪಶುವೈದ್ಯ ಫ್ರೆಡ್ ಕಿಲ್ಬೋರ್ನ್. 1889ರ ಬೇಸಿಗೆಯಲ್ಲಿ ಅವರು ಮಾಡಿದ ಪ್ರಯೋಗ ಎಷ್ಟು ಸರಳ ಅಂದರೆ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ಬೇಲಿ ಹಾಕಿ ಹೊಲಗಳನ್ನು ಬೇರೆ ಮಾಡಿದರು. ಒಂದರಲ್ಲಿ ದಕ್ಷಿಣದ ದನಗಳನ್ನು ಉಣುಗು ಸಮೇತ ಬಿಟ್ಟರು. ಇನ್ನೊಂದರಲ್ಲಿ ಬಿಟ್ಟ ದನಗಳ ಮೈಯಿಂದ ಉಣುಗನ್ನೆಲ್ಲ ಕೈಯಿಂದಲೇ ಆರಿಸಿ ತೆಗೆದರು. ಮತ್ತೊಂದರಲ್ಲಿ ದಕ್ಷಿಣದ ದನವೇ ಇಲ್ಲ, ಬರೀ ಉಣುಗು ಚೆಲ್ಲಿದರು. ಉಣುಗು ಇದ್ದಲ್ಲಿ ಉತ್ತರದ ದನಗಳಿಗೆ ಜ್ವರ ಬಂತು, ಇಲ್ಲದಲ್ಲಿ ಬರಲಿಲ್ಲ. 1893ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಅಂದರೆ ದನದ ಉಣುಗು ನಾಲ್ಕು ವರ್ಷ ಮುಂದಿತ್ತು. ಸೊಳ್ಳೆಯ ಕತೆ ಎಲ್ಲರಿಗೂ ಗೊತ್ತು, ಉಣುಗಿನದು ಯಾರಿಗೂ ಗೊತ್ತಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ರೋಗದ ಜೀವಿ ಬೆಬೀಸಿಯಾ. ಕೆಂಪು ರಕ್ತಕಣದೊಳಗೆ ಹೊಕ್ಕು ಎರಡಾಗುತ್ತದೆ, ಕಣವನ್ನು ಒಡೆದು ಹೊರಬಂದು ಇನ್ನೊಂದಕ್ಕೆ ನುಗ್ಗುತ್ತದೆ. ಒಡೆದ ಕಣಗಳಿಂದ ಚೆಲ್ಲಿದ ಕೆಂಪು ಬಣ್ಣ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ. ಮೂತ್ರ ಕೆಂಪಾಗುವುದು ಅದಕ್ಕೇ. ಉಣುಗು ಕುಡಿದ ರಕ್ತದಿಂದಲೇ ಪ್ರಾಣಿ ಬಿಳಿಚಿಕೊಂಡಿತು ಎಂದು ಬಹಳ ಜನ ತಿಳಿದಿದ್ದಾರೆ. ಈ ಜ್ವರದಲ್ಲಿ ರಕ್ತ ಹಾಳಾಗುವುದು ಒಳಗಿನಿಂದ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಈ ಉಣುಗು ಮರಿಯಾಗಿ ಒಂದು ದನದ ಮೈ ಹತ್ತಿದರೆ ಅಲ್ಲೇ ಬೆಳೆಯುತ್ತದೆ, ಅಲ್ಲೇ ಹೊಟ್ಟೆ ತುಂಬ ರಕ್ತ ಕುಡಿಯುತ್ತದೆ. ಆಮೇಲೆ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಮೊಟ್ಟೆಯಿಟ್ಟು ಸಾಯುತ್ತದೆ. ಸಾಮಾನ್ಯವಾಗಿ ಅದು ಇನ್ನೊಂದು ದನವನ್ನು ಮುಟ್ಟುವುದೇ ಇಲ್ಲ! ಹಾಗಾದರೆ ರೋಗ ದಾಟುವುದು ಹೇಗೆ? ಮೊಟ್ಟೆಯಿಂದ ಹೊರಬಂದ, ಇನ್ನೂ ರಕ್ತದ ರುಚಿಯೇ ನೋಡದ ಮರಿಗಳನ್ನು ಸ್ಮಿತ್ ಒಂದು ದನದ ಮೇಲೆ ಬಿಟ್ಟರು. ಅದಕ್ಕೂ ಜ್ವರ ಬಂತು.

ಉತ್ತರ ಮೊಟ್ಟೆಯಲ್ಲಿತ್ತು. ತಾಯಿ ಉಣುಗಿನ ಹೊಟ್ಟೆಗೆ ರಕ್ತದ ಜೊತೆ ಹೋದ ಬೆಬೀಸಿಯಾಗಳು ಅಲ್ಲಿ ಜೋಡಿಯಾಗಿ ಒಂದಾಗುತ್ತವೆ. ಹಾಗೆ ಹುಟ್ಟಿದ ಹೊಸ ರೂಪಕ್ಕೆ ಹರಿದಾಡುವ ಶಕ್ತಿ ಇದೆ. ಅದು ಕರುಳಿನ ಗೋಡೆ ಕೊರೆದು, ಉಣುಗಿನ ಮೈಯ ದ್ರವದಲ್ಲಿ ಸಾಗಿ, ಅಂಡಾಶಯ ಸೇರಿ ಮೊಟ್ಟೆಗಳೊಳಗೆ ಇಳಿಯುತ್ತದೆ. ಮುಳುಗುವ ದೋಣಿಯಿಂದ ಮರಿದೋಣಿಗಳಿಗೆ ಹಾರಿದ ಹಾಗೆ. ಅಥವಾ ಸಾಲಗಾರ ಸತ್ತ ಮೇಲೆ ಸಾಲ ಮಕ್ಕಳ ಹೆಸರಿಗೆ ಬಂದ ಹಾಗೆ, ಅದೂ ಮಕ್ಕಳು ಹುಟ್ಟುವ ಮೊದಲೇ. ಒಂದು ಹೆಣ್ಣು ಉಣುಗು 2,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಎಲ್ಲ ಮೊಟ್ಟೆಗೂ ರೋಗ ಇಳಿಯಬೇಕಿಲ್ಲ, ಕೆಲವಕ್ಕೆ ಇಳಿದರೂ ಸಾಕು. ಮರಿ ದನಕ್ಕೆ ಕಚ್ಚಿ ಬೆಳೆಯುವಾಗ ಬೆಬೀಸಿಯಾ ಅದರ ಜೊಲ್ಲಿನ ಗ್ರಂಥಿಗೆ ಬಂದು, ಅಲ್ಲಿ ಹೆಚ್ಚಿ, ಜೊಲ್ಲಿನ ಜೊತೆ ದನದ ರಕ್ತಕ್ಕೆ ಇಳಿಯುತ್ತದೆ.

ಈಗ ಒಗಟು ಬಿಡಿಸಿಕೊಳ್ಳಿ. ಒಂದು ತಿಂಗಳ ಅಂತರ ಏಕೆ? ಮೊಟ್ಟೆ ಒಡೆದು ಮರಿ ಬರಬೇಕಲ್ವಾ! ರೋಗಿ ದನದಿಂದ ಪಕ್ಕದ ದನಕ್ಕೆ ಏಕೆ ಹರಡಲಿಲ್ಲ? ಅದರ ಮೈಮೇಲಿನ ಉಣುಗು ಇಳಿದು ಪಕ್ಕಕ್ಕೆ ಹೋಗುವುದಿಲ್ಲ. ಹಿಮ ಬಿದ್ದರೆ ಏಕೆ ನಿಂತಿತು? ಉತ್ತರದ ಚಳಿಯಲ್ಲಿ ಈ ಉಣುಗು ಬದುಕುವುದಿಲ್ಲ. ದಕ್ಷಿಣದ ದನಗಳು ಏಕೆ ಆರಾಮಾಗಿದ್ದವು? ಅವಕ್ಕೆ ಕರುವಾಗಿದ್ದಾಗಲೇ ರೋಗ ತಗುಲಿತ್ತು. ಕರುಗಳು ಇದನ್ನು ಸುಲಭವಾಗಿ ತಡೆದುಕೊಳ್ಳುತ್ತವೆ, ಆಮೇಲೆ ರಕ್ತದಲ್ಲಿ ಸ್ವಲ್ಪ ಬೆಬೀಸಿಯಾ ಉಳಿಸಿಕೊಂಡೇ ಬಾಳುತ್ತವೆ. ಹಾಗಾಗಿ ಉಣುಗು ತುಂಬಿದ ಸೀಮೆಯಲ್ಲಿ ಅರ್ಧಂಬರ್ಧ ಉಣುಗು ತೆಗೆಯುವುದು ಅಪಾಯ. ಕರುಗಳಿಗೆ ರೋಗದ ಪರಿಚಯವೇ ಆಗದೆ ಬೆಳೆದರೆ ಮುಂದೊಂದು ದಿನ ಹಿಂಡಿಗೆ ಹಿಂಡೇ ಮಲಗುತ್ತದೆ. ಅಮೆರಿಕದವರು ಅರ್ಧಕ್ಕೆ ನಿಲ್ಲಿಸಲಿಲ್ಲ. 1906ರಲ್ಲಿ ಶುರು ಮಾಡಿ, ದನಗಳನ್ನು ಔಷಧದ ತೊಟ್ಟಿಯಲ್ಲಿ ಮುಳುಗಿಸುತ್ತಾ, 1943ರ ಹೊತ್ತಿಗೆ ಈ ಉಣುಗನ್ನು ಮೆಕ್ಸಿಕೋ ಗಡಿಯ ಒಂದು ಪಟ್ಟಿಯವರೆಗೆ ಹಿಂದೆ ತಳ್ಳಿದರು. ಆ ಗಡಿಯಲ್ಲಿ ಇವತ್ತಿಗೂ ಕುದುರೆ ಸವಾರರು ದಾರಿ ತಪ್ಪಿ ಬರುವ ದನಗಳಿಗಾಗಿ ಕಾವಲು ತಿರುಗುತ್ತಾರೆ.

ಅವರ ಕುದುರೆಗಳಿಗೂ ಇಂಥದೇ ಕಾಯಿಲೆ ಇದೆ. ಕುದುರೆಯಲ್ಲಿ ಇಬ್ಬರು ಶತ್ರುಗಳು: ಬೆಬೀಸಿಯಾ ಕ್ಯಾಬಲ್ಲಿ ಮತ್ತು ಥೈಲೇರಿಯಾ ಈಕ್ವಿ. ಎರಡನೆಯದು ಹೆಚ್ಚು ಹಟಮಾರಿ. ಜ್ವರ ಬರುತ್ತದೆ, ಒಸಡು ಬಿಳಿಚಿ ಆಮೇಲೆ ಹಳದಿಯಾಗುತ್ತದೆ, ಮೂತ್ರ ಕಪ್ಪುಗೆಂಪಾಗಬಹುದು. ಬದುಕಿ ಉಳಿದ ಕುದುರೆ ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಥೈಲೇರಿಯಾ ಹೊತ್ತುಕೊಂಡಿರುತ್ತದೆ. ನೋಡಿದರೆ ಏನೂ ಗೊತ್ತಾಗದು. ಓಡುತ್ತದೆ, ಗೆಲ್ಲುತ್ತದೆ. ರಕ್ತದ ಒಂದು ಹನಿಯನ್ನು ಸ್ಲೈಡ್ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ 'ಏನೂ ಇಲ್ಲ' ಅಂದರೆ ನಂಬಬೇಡಿ. ಇಂಥ ಕುದುರೆಯಲ್ಲಿ ಜೀವಿಗಳು ಅಷ್ಟು ಕಡಿಮೆ ಇರುತ್ತವೆ. ರಕ್ತದಲ್ಲಿನ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಅಥವಾ ಪಿಸಿಆರ್ ಬೇಕು.

2009ರಲ್ಲಿ ಅದೇ ಟೆಕ್ಸಾಸ್‌ನ ಒಂದು ದೊಡ್ಡ ಫಾರ್ಮಿನಲ್ಲಿ ಒಂದು ಹೆಣ್ಣು ಕುದುರೆಗೆ ಕಾಯಿಲೆ ಬಂತು. ಥೈಲೇರಿಯಾ ಈಕ್ವಿ ಎಂದು ಗೊತ್ತಾಯಿತು. ಉಳಿದವನ್ನೂ ಪರೀಕ್ಷೆ ಮಾಡಿದರೆ 400ಕ್ಕೂ ಹೆಚ್ಚು ಕುದುರೆಗಳಲ್ಲಿ ಸೋಂಕು! ಹೆಚ್ಚಿನವು ನೋಡಲು ಆರೋಗ್ಯವಾಗಿದ್ದವು. ಅಲ್ಲಿ ಹರಡಿದ್ದು ಉಣುಗು. ಇಮಿಡೋಕಾರ್ಬ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಥೈಲೇರಿಯಾವನ್ನು ರಕ್ತದಿಂದ ಪೂರ್ತಿ ತೊಲಗಿಸಬಹುದು ಎಂಬುದಕ್ಕೆ ಆ ಕುದುರೆಗಳಿಂದಲೇ ಒಳ್ಳೆಯ ಪುರಾವೆ ಸಿಕ್ಕಿತು. ಆ ಔಷಧದಿಂದ ಕುದುರೆಗೆ ಜೊಲ್ಲು ಸುರಿಯುತ್ತದೆ, ಹೊಟ್ಟೆನೋವು ಬರುತ್ತದೆ. ಪಶುವೈದ್ಯರ ಕಣ್ಣೆದುರೇ ಕೊಡಬೇಕು.

ಆ ಘಟನೆಯ ನಂತರ ಅಮೆರಿಕದ ಬೇರೆ ಬೇರೆ ಕಡೆ ಕುದುರೆಗಳನ್ನು ಪರೀಕ್ಷಿಸಿದರು. ಓಟದ ಕುದುರೆಗಳಲ್ಲಿ ಇನ್ನಷ್ಟು ಸೋಂಕು ಸಿಕ್ಕಿತು. ಆ ಕುದುರೆಗಳಿಗೆ ರೋಗ ತಂದದ್ದು ಉಣುಗಲ್ಲ. ಒಂದೇ ಸಿರಿಂಜು, ಒಂದೇ ಸೂಜಿಯಿಂದ ಕುದುರೆಯಿಂದ ಕುದುರೆಗೆ ಚುಚ್ಚುತ್ತಾ ಹೋಗಿದ್ದರು.