ಬಣ್ಣ ಗಾಜಿನ ಒಳಗಿದೆಯಾ, ಮೇಲಿದೆಯಾ?

ಮನೆಯ ಬಾಗಿಲಿಗೋ ಕಿಟಕಿಗೋ ಬಣ್ಣದ ಗಾಜು ಹಾಕಿಸಲು ಹೊರಟವರು ಮೊದಲು ನೋಡುವುದು ಚಿತ್ತಾರವನ್ನು. ಹೂವಾ, ಬಳ್ಳಿಯಾ, ಸುಮ್ನೆ ಚೌಕಗಳಾ ಅಂತ. ನಾನಾದರೆ ಮೊದಲು ಕೇಳುವುದು, ಬಣ್ಣ ಎಲ್ಲಿ ಕೂತಿದೆ ಅಂತ. ಗಾಜಿನ ಒಳಗಾ, ಮೈಮೇಲಾ, ಅಂಟಿಸಿದ ಫಿಲ್ಮಿನಲ್ಲಾ? ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮುಖ್ಯವಾಗಿ ಇದರಿಂದಲೇ ಗೊತ್ತಾಗುತ್ತದೆ.

ಸಾದಾ ಕಿಟಕಿ ಗಾಜಿನ ಅಂಚನ್ನು ಗಮನಿಸಿದ್ದೀರಾ? ಹಸಿರಾಗಿ ಕಾಣುತ್ತದೆ. ಮರಳಿನ ಜೊತೆ ಬಂದ ಚೂರುಪಾರು ಕಬ್ಬಿಣದ ಬಣ್ಣ ಅದು. ಬಣ್ಣದ ಗಾಜು ಮಾಡುವವರು ಇದೇ ಕೆಲಸವನ್ನು ಬೇಕೆಂದೇ ಮಾಡುತ್ತಾರೆ, ಕುಲುಮೆಯಲ್ಲಿ ಗಾಜು ಕರಗುವಾಗಲೇ ಲೋಹದ ಆಕ್ಸೈಡ್ ಬೆರೆಸುತ್ತಾರೆ. ಕೋಬಾಲ್ಟ್ ಆದರೆ ನೀಲಿ, ಮ್ಯಾಂಗನೀಸ್ ಆದರೆ ನೇರಳೆ. ಕೋಬಾಲ್ಟ್ ಅಂತೂ ಸಾವಿರಕ್ಕೆ ಒಂದು ಪಾಲು ಸಾಕು, ಗಾಢ ನೀಲಿ ಬಂದುಬಿಡುತ್ತದೆ. ಬೆಳಕಿನಲ್ಲಿರುವ ಹಳದಿ, ಕಿತ್ತಳೆಯನ್ನು ಅದು ನುಂಗಿ ಹೆಚ್ಚಾಗಿ ನೀಲಿಯನ್ನೇ ಈಚೆ ಬಿಡುತ್ತದೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಚಿನ್ನದ ಕೆಂಪು. ಹೌದು, ನಿಜವಾದ ಚಿನ್ನವೇ. ಅದನ್ನು ಬೆರೆಸಿದ ಗಾಜು ಕುಲುಮೆಯಿಂದ ಬಂದಾಗ ಹೆಚ್ಚುಕಮ್ಮಿ ಬಣ್ಣವೇ ಇಲ್ಲದೆ ಇರುತ್ತದೆ, ಆಮೇಲೆ ಮತ್ತೊಮ್ಮೆ ಹದವಾಗಿ ಕಾಯಿಸಿದರೆ ಚಿನ್ನದ ಪರಮಾಣುಗಳು ಅಲ್ಲಲ್ಲಿ ಗುಂಪುಗೂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಗಾಜು ಮಾಣಿಕ್ಯದ ಹಾಗೆ ಕೆಂಪಾಗುತ್ತದೆ. ಆ ಕಣಗಳ ಅಳತೆ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವುದು ಒಂದು ನ್ಯಾನೋಮೀಟರ್. ಅಷ್ಟು ಚಿಕ್ಕದಾದಾಗ ಚಿನ್ನ ಹಳದಿಯಾಗಿ ಹೊಳೆಯುವುದಿಲ್ಲ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತದೆ.

ಹೀಗೆ ಒಳಗೇ ಇರುವ ಬಣ್ಣ ಬಿಸಿಲಿಗೆ ಮಾಸುವುದು ತೀರಾ ಅಪರೂಪ. ಉಜ್ಜಿದರೂ ಹೋಗುವುದಿಲ್ಲ.

ಬೆಳ್ಳಿಯ ಕಥೆ ಇದಕ್ಕಿಂತ ಸ್ವಲ್ಪ ಬೇರೆ. 14ನೇ ಶತಮಾನದ ಆರಂಭದಲ್ಲಿ ಯುರೋಪಿನ ಕುಶಲಕರ್ಮಿಗಳು ಬೆಳ್ಳಿಯ ಲೇಪವನ್ನು ಗಾಜಿನ ಮೇಲೆ ಬಳಿದು ಕುಲುಮೆಯಲ್ಲಿ ಕಾಯಿಸಲು ಶುರುಮಾಡಿದರು. ಬಿಸಿಗೆ ಬೆಳ್ಳಿ ಗಾಜಿನ ಮೈಯೊಳಗೆ ಇಳಿದು ಹಳದಿ ಬಣ್ಣ ಕೊಡುತ್ತದೆ. ಬಟ್ಟೆಗೆ ಅರಿಶಿನ ಹಿಡಿದ ಹಾಗೆ, ಆದರೆ ಒಗೆದರೆ ಹೋಗದ ಹಾಗೆ!

ಈಗ ಮನೆಗಳಿಗೆ ಜಾಸ್ತಿ ಬರುತ್ತಿರುವುದು ಅಂಟಿಸುವ ಬಣ್ಣದ ಫಿಲ್ಮ್ ಮತ್ತು ಅದರ ಮೇಲೆ ಒತ್ತುವ ಸೀಸದ ಪಟ್ಟಿ. ಸುಲಭ, ಹಗುರ. ಬಾಡಿಗೆ ಮನೆಗೆ ತೊಂದರೆಯಿಲ್ಲ. ಆದರೆ ಫಿಲ್ಮ್ ಅಂದರೆ ಪ್ಲಾಸ್ಟಿಕ್, ವರ್ಷಗಟ್ಟಲೆ ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಅಂಚು ಏಳುತ್ತದೆ. ಸ್ವಂತ ಮನೆಯ ಮುಂಬಾಗಿಲಿಗೆ ನಾನು ಅದನ್ನು ಹೇಳುವುದಿಲ್ಲ. ಗಾಜಿನ ಪುಡಿ ಬೆರೆಸಿದ ಸೆರಾಮಿಕ್ ಶಾಯಿಯಲ್ಲಿ ಚಿತ್ರ ಮುದ್ರಿಸಿ, ಕಾಯಿಸಿ, ಗಾಜಿಗೇ ಬೆಸೆದಿದ್ದರೆ, ಮೈಮೇಲಿನ ಬಣ್ಣವಾದರೂ ಅದು ಗಟ್ಟಿ ಕೆಲಸ.

ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ ಚಿತ್ತಾರ ಮಾಡುವ ಹಳೆಯ ದಾರಿ ಸೀಸದ ಪಟ್ಟಿ. ಸೀಸ ಮೆತ್ತಗಿನ ಲೋಹ, ಕೈಯಲ್ಲೇ ಬಗ್ಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟಿಫನಿ ಕಾರ್ಯಾಗಾರ ಇನ್ನೊಂದು ದಾರಿಯನ್ನು ಜನಪ್ರಿಯ ಮಾಡಿತು, ಪ್ರತಿ ತುಂಡಿನ ಅಂಚಿಗೆ ತೆಳುವಾದ ತಾಮ್ರದ ಹಾಳೆ ಸುತ್ತಿ ಬೆಸುಗೆ ಹಾಕುವುದು. ಸಣ್ಣ ಸಣ್ಣ ಎಲೆ, ದಳಗಳಿಗೆ ಇದೇ ಸರಿ. ಸೀಸಕ್ಕೆ ಒಂದು ಕಷ್ಟವಿದೆ. ಬಿಸಿಯಾದಾಗ ಅದು ಗಾಜಿಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಹತ್ತಾರು ವರ್ಷ ಕಳೆದರೆ ದೊಡ್ಡ ಫಲಕ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ಅದಕ್ಕೇ ಹಿಂದೆ ಲೋಹದ ಸರಳು ಕೊಡುವುದು. ಸೀಸ ವಿಷ ಅನ್ನುವುದನ್ನೂ ಮರೆಯಬೇಡಿ. ಒರೆಸಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಎಟುಕುವ ಕಡೆ ಅದನ್ನು ತೆರೆದಿಡಬೇಡಿ.

ಬಾಗಿಲಿನದ್ದು ಇನ್ನೊಂದು ಚಿಂತೆ. ಟಫನ್ಡ್ ಗಾಜು ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು, ಒಡೆದರೆ ಮೊಂಡು ಚೂರಾಗುತ್ತದೆ. ಅದನ್ನು ಒಮ್ಮೆ ಗಟ್ಟಿ ಮಾಡಿದ ಮೇಲೆ ಕೊಯ್ಯಲು ಆಗುವುದಿಲ್ಲ, ಪೂರ್ತಿ ಚೂರಾಗುತ್ತದೆ. ಹಾಗಾಗಿ ಚಿತ್ತಾರದ ತುಂಡುಗಳು ಸಾಮಾನ್ಯವಾಗಿ ಸಾದಾ ಗಾಜೇ, ಒಡೆದರೆ ಚೂಪು ಚೂರು. ಇದಕ್ಕೆ ಈಗಿನ ಒಳ್ಳೆಯ ಉಪಾಯ ಅಂದರೆ, ಇಡೀ ಫಲಕವನ್ನು ಎರಡು ಟಫನ್ಡ್ ಗಾಜುಗಳ ನಡುವೆ ಇಟ್ಟು ಮುಚ್ಚಿಬಿಡುವುದು. ಮಳೆ, ಧೂಳು ಒಳಗೆ ಹೋಗುವುದಿಲ್ಲ, ಸೀಸವೂ ಕೈಗೆ ಸಿಗುವುದಿಲ್ಲ. ಒರೆಸುವುದೂ ಸಲೀಸು.

ಚಿತ್ತಾರ ಯಾರಿಗೆ ಕಾಣಬೇಕು ಅಂತಲೂ ಯೋಚಿಸಿ. ಬಣ್ಣ ಕಾಣುವುದು ಬೆಳಕು ಗಾಜನ್ನು ದಾಟಿ ಬಂದಾಗ. ಹಗಲಲ್ಲಿ ಬೀದಿಯಿಂದ ನೋಡಿದವರಿಗೆ ಅದೇ ಗಾಜು ಕಪ್ಪು ಕಪ್ಪಾಗಿ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಚ್ಚಿದರೆ ಉಲ್ಟಾ, ಹೊರಗಿನವರಿಗೆ ಹಬ್ಬ, ಒಳಗಿನವರಿಗೆ ಮಂಕು. ನೆರಳಿನ ಕಡೆಯ ಕಿಟಕಿಗೆ ಕಡುಕೆಂಪು, ಕಡುನೀಲಿ ಹಾಕಿದರೆ ಕೋಣೆ ಕತ್ತಲಾಗುತ್ತದೆ, ಅಲ್ಲಿಗೆ ತಿಳಿ ಹಳದಿ, ತಿಳಿ ಹಸಿರು ಒಳ್ಳೆಯದು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬಣ್ಣ ಆರಿಸಬೇಡಿ. ತುಂಡುಗಳನ್ನು ಮನೆಗೆ ತಂದು ಅದೇ ಕಿಟಕಿಗೆ ಹಿಡಿದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ.