ಬೈಬಲ್‌ನ ಪುಸ್ತಕಗಳನ್ನು ಚಕ್ರವರ್ತಿ ಆರಿಸಿದನಾ?

ಪ್ರಶ್ನೆ: ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು, ಯಾವುದು ಇರಬಾರದು ಅಂತ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯಾದಲ್ಲಿ ಓಟು ಹಾಕಿಸಿ ತೀರ್ಮಾನ ಮಾಡಿದ ಅಂತ ಕಾಲೇಜಿನ ಸ್ನೇಹಿತ ಹೇಳುತ್ತಾನೆ. ಚರ್ಚಿನಲ್ಲಿ ಹಿರಿಯರನ್ನು ಕೇಳಿದರೆ, ಇಂಥದ್ದೆಲ್ಲ ಕೇಳಬಾರದು, ಸುಮ್ನೆ ನಂಬಬೇಕು ಅಂದರು. ನಿಜ ಏನು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ನನಗೇ ಲೆಕ್ಕ ಸಿಗುತ್ತಿಲ್ಲ. 2025ರಲ್ಲಿ ಬಿಷಪರ ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿದ ಮೇಲಂತೂ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಈ ಸಲ ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ನಿಮ್ಮ ಹಿರಿಯರ ಮಾತು. ಕೇಳಿದ್ದು ತಪ್ಪಲ್ಲ. ಗಾಯ ನೋಡದೆ ನಂಬುವುದಿಲ್ಲ ಅಂದ ತೋಮನನ್ನು ಯೇಸುಸ್ವಾಮಿ ಹೊರಗೆ ಕಳಿಸಲಿಲ್ಲ, ಕೈ ಚಾಚಿ ಗಾಯ ತೋರಿಸಿದರು. ನಮ್ಮ ಹುಡುಗರು ಒಂದು ಪ್ರಶ್ನೆ ತಂದಾಗ ಬಾಯಿ ಮುಚ್ಚಿಸಿದರೆ, ಅವರು ಉತ್ತರವನ್ನು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಇದೇ ಕಥೆ.

ಈಗ ಆ ಕಥೆಗೆ ಬರೋಣ. ನೈಸಿಯಾ ಇರುವುದು ಇಂದಿನ ಟರ್ಕಿಯಲ್ಲಿ, ಈಗ ಆ ಊರಿನ ಹೆಸರು ಇಜ್ನಿಕ್. 325ರಲ್ಲಿ ಅಲ್ಲಿ ಬಿಷಪರನ್ನು ಸೇರಿಸಿದ್ದು ಕಾನ್‌ಸ್ಟಂಟೈನ್ ಅನ್ನುವುದು ನಿಜ. ಸೇರಿದ್ದು ಯಾಕೆ? ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ, ದೇವಕುಮಾರನು ಸೃಷ್ಟಿಯಾದವನು, ಅವನು ಇಲ್ಲದ ಒಂದು ಕಾಲ ಇತ್ತು ಅಂತ ಬೋಧಿಸುತ್ತಿದ್ದ. ಅದರಿಂದ ಸಭೆಗಳು ಒಡೆದುಹೋಗಿದ್ದವು. ಈಸ್ಟರ್ ಯಾವ ದಿನ ಆಚರಿಸಬೇಕು ಅನ್ನುವ ಜಗಳ ಬೇರೆ ಇತ್ತು. ಮಹಾಸಭೆ ಒಂದು ವಿಶ್ವಾಸ ಪ್ರಮಾಣ ಬರೆಯಿತು. ಅದೇ ಮುಂದೆ 381ರಲ್ಲಿ ವಿಸ್ತಾರವಾಗಿ, ಇಂದು ನಮ್ಮ ಆರಾಧನೆಯಲ್ಲಿ ಎದ್ದು ನಿಂತು ಹೇಳುವ ಪ್ರಮಾಣವಾಯಿತು.

ಜೊತೆಗೆ 20 ನಿಯಮಗಳನ್ನೂ ಮಾಡಿದರು. ಅವು ಇವತ್ತಿಗೂ ಸಿಗುತ್ತವೆ, ಒಮ್ಮೆ ಕೂತು ಓದಿ. ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು ಅಂತ ಇದೆ. ಭಾನುವಾರ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕು ಅಂತ ಇದೆ. ಇಷ್ಟು ಸಣ್ಣ ವಿಷಯ ಬರೆದಿಟ್ಟವರು ಬೈಬಲ್‌ನ ಪುಸ್ತಕಗಳನ್ನೇ ಆರಿಸಿದ್ದರೆ ಅದನ್ನು ಬರೆಯದೆ ಬಿಡುತ್ತಿದ್ದರಾ? ಪುಸ್ತಕಗಳ ಪಟ್ಟಿ ಅಲ್ಲಿ ಎಲ್ಲೂ ಇಲ್ಲ.

ಇನ್ನೂ ಗಟ್ಟಿ ಸಾಕ್ಷಿ ನಂತರದ ವರ್ಷಗಳಲ್ಲಿದೆ. ಸುಮಾರು 350ರಲ್ಲಿ ಯೆರೂಸಲೇಮಿನ ಬಿಷಪ್ ಸಿರಿಲ್ ಹೊಸ ಒಡಂಬಡಿಕೆಯ ಪುಸ್ತಕಗಳ ಪಟ್ಟಿ ಕೊಟ್ಟ. ಅದರಲ್ಲಿ ಪ್ರಕಟನೆ ಪುಸ್ತಕವೇ ಇಲ್ಲ! ನೈಸಿಯಾದಲ್ಲಿ ತೀರ್ಮಾನವಾಗಿದ್ದರೆ 25 ವರ್ಷದೊಳಗೆ ಯೆರೂಸಲೇಮಿನ ಬಿಷಪನಿಗೇ ಗೊತ್ತಿಲ್ಲದೆ ಹೋಗುತ್ತಾ? ಇಂದಿನ 27 ಪುಸ್ತಕಗಳನ್ನು ಹಾಗೇ ಪಟ್ಟಿ ಮಾಡಿದ್ದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ 367ರಲ್ಲಿ ಸಭೆಗಳಿಗೆ ಬರೆದ ಈಸ್ಟರ್ ಪತ್ರ. ಅಥನೇಸಿಯಸ್ ಯುವಕನಾಗಿದ್ದಾಗ ನೈಸಿಯಾಕ್ಕೆ ಹೋಗಿದ್ದವನು, ಜೀವನಪೂರ್ತಿ ಅದರ ಪರ ಹೋರಾಡಿದವನು. ಆದರೂ ಈ ಪುಸ್ತಕಗಳು ಹಿಂದಿನವರಿಂದ ನಮಗೆ ಬಂದವು ಅನ್ನುತ್ತಾನೆಯೇ ಹೊರತು, ನೈಸಿಯಾದಲ್ಲಿ ಆರಿಸಿದೆವು ಅನ್ನುವುದಿಲ್ಲ.

ಹಾಗಾದರೆ ಕಥೆ ಎಲ್ಲಿಂದ ಹುಟ್ಟಿತು? ಸುಮಾರು 9ನೇ ಶತಮಾನದ ಕೊನೆಯ ಒಂದು ಗ್ರೀಕ್ ಬರಹದಿಂದ. ನೈಸಿಯಾದಲ್ಲಿ ಎಲ್ಲ ಪುಸ್ತಕಗಳನ್ನು ಪೀಠದ ಹತ್ತಿರ ಇಟ್ಟು ಪ್ರಾರ್ಥಿಸಿದರಂತೆ, ನಿಜವಾದವು ಮೇಲೆ ಬಂದವಂತೆ, ಸುಳ್ಳಾದವು ಕೆಳಗೇ ಉಳಿದವಂತೆ. ಘಟನೆಗೂ ಬರಹಕ್ಕೂ 500 ವರ್ಷಕ್ಕಿಂತ ಜಾಸ್ತಿ ಅಂತರ. 18ನೇ ಶತಮಾನದಲ್ಲಿ ಫ್ರಾನ್ಸಿನ ಲೇಖಕ ವೋಲ್ಟೇರ್ ಇದನ್ನು ಎತ್ತಿ ಆಡಿ ಊರೆಲ್ಲ ಹರಡಿದ. 2003ರ ಒಂದು ಇಂಗ್ಲಿಷ್ ಕಾದಂಬರಿ ಚಕ್ರವರ್ತಿಯನ್ನೇ ಸೂತ್ರಧಾರ ಮಾಡಿತು. ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯ ಚರ್ಚುಗಳಿಗೆ 50 ಬೈಬಲ್ ಪ್ರತಿ ಬರೆಸಿಕೊಡಿ ಅಂತ ಬಿಷಪ್ ಯುಸೀಬಿಯಸ್‌ಗೆ ಹೇಳಿದ್ದು ನಿಜ. ಪ್ರತಿ ಮಾಡಿಸುವುದು ಬೇರೆ, ಆರಿಸುವುದು ಬೇರೆ, ಅಲ್ವಾ?

ಪೂರ್ತಿ ಪ್ರಾಮಾಣಿಕವಾಗಿರಬೇಕೆಂದರೆ ಒಂದು ಮಾತು ಮುಚ್ಚಿಡಬಾರದು. ನೈಸಿಯಾದವರು ಯೂದಿತ ಪುಸ್ತಕವನ್ನು ಪವಿತ್ರ ಗ್ರಂಥಗಳಲ್ಲಿ ಎಣಿಸಿದ್ದರಂತೆ ಎಂದು ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ಒಂದು ಕಡೆ ಬರೆದಿದ್ದಾನೆ. ಯಾರೋ ಮಾತಿನ ನಡುವೆ ಅದನ್ನು ಉದಾಹರಿಸಿರಬಹುದು. ಆ ಒಂದು ಸಾಲಿನ ಮೇಲೆ ಓಟಿನ ಕಥೆ ನಿಲ್ಲುವುದಿಲ್ಲ.

ಹಾಗಂತ ನಮ್ಮ ಕಡೆಯವರು ಹೇಳುವ, ಬೈಬಲ್ ಮೊದಲ ದಿನದಿಂದ ಒಂದೇ ಕಟ್ಟಾಗಿ ಇತ್ತು ಅನ್ನುವ ಮಾತೂ ಸರಿಯಲ್ಲ. ನಾಲ್ಕು ಸುವಾರ್ತೆಗಳ ವಿಷಯ ಬೇಗ ಗಟ್ಟಿಯಾಯಿತು. ಸುಮಾರು 180ರಲ್ಲೇ ಲಿಯೋನ್ಸ್‌ನ ಬಿಷಪ್ ಐರೇನಿಯಸ್ ನಾಲ್ಕೇ ಅಂತ ಒತ್ತಿ ಹೇಳಿದ್ದ. ಆಗ ಚಕ್ರವರ್ತಿಗಳು ಕ್ರೈಸ್ತರನ್ನು ಕೊಲ್ಲಿಸುತ್ತಿದ್ದರು, ಪುಸ್ತಕ ಆರಿಸಿಕೊಡುತ್ತಿರಲಿಲ್ಲ. ಪೌಲನ ಪತ್ರಗಳೂ ಹಾಗೇ ಬೇಗ ಒಟ್ಟಾದವು. ಆದರೆ ಇಬ್ರಿಯರಿಗೆ ಬರೆದ ಪತ್ರ, ಯಾಕೋಬ, ಯೂದ, 2 ಪೇತ್ರ, ಪ್ರಕಟನೆ ಇವುಗಳ ಬಗ್ಗೆ ಬಹಳ ಕಾಲ ಚರ್ಚೆ ನಡೆಯಿತು. ಸಿರಿಯಾದ ಹಳೆಯ ಪೆಶಿಟ್ಟಾ ಬೈಬಲ್‌ನಲ್ಲಿ ಹೊಸ ಒಡಂಬಡಿಕೆಗೆ 22 ಪುಸ್ತಕ ಮಾತ್ರ. ಪಕ್ಕದ ಕೇರಳದ ಸುರಿಯಾನಿ ಕ್ರೈಸ್ತರ ಪರಂಪರೆ ಆ ಬೈಬಲಿನದು. ಅವರ ನಂಬಿಕೆ ಅದರಿಂದ ಸಡಿಲವಾಗಲಿಲ್ಲ.

ಆರಿಸುವ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ನನಗೆ ಇಷ್ಟವಾದ ಒಂದು ಪ್ರಸಂಗ ಇದೆ. ಸುಮಾರು 200ರಲ್ಲಿ ಅಂತಿಯೋಕ್ಯದ ಬಿಷಪ್ ಆಗಿದ್ದವನು ಸೆರಾಪಿಯನ್. ಹತ್ತಿರದ ರೋಸಸ್ ಊರಿನ ಸಭೆ 'ಪೇತ್ರನ ಸುವಾರ್ತೆ' ಎಂಬ ಪುಸ್ತಕ ಓದುತ್ತಿತ್ತು. ಅವನು ಮೊದಲು, ಆಗಲಿ ಓದಿ, ಅಂದ. ಆಮೇಲೆ ಪುಸ್ತಕ ತರಿಸಿ ತಾನೇ ಓದಿದ. ಬಹುಪಾಲು ಸರಿ, ಕೆಲವು ಸೇರಿಸಿದ ಮಾತುಗಳಿವೆ ಅಂತ ಕಂಡಿತು. ಪೇತ್ರನ ಹೆಸರಿದ್ದ ಮಾತ್ರಕ್ಕೆ ಒಪ್ಪಲಾಗದು ಅಂತ ಬರೆದು ತಿಳಿಸಿದ. ಹೀಗೆ ಊರೂರಲ್ಲಿ, ಓದಿ, ವಿಚಾರಿಸಿ, ನಿಧಾನವಾಗಿ ಪಟ್ಟಿ ಗಟ್ಟಿಯಾಯಿತು. ದೇವರು ಮನುಷ್ಯರ ಇಂಥ ಶ್ರಮದ ಮೂಲಕ ಕೆಲಸ ಮಾಡುತ್ತಾರೆ ಅಂತ ನಾನು ನಂಬುತ್ತೇನೆ.

ಯೂದಿತ ಅಂದೆನಲ್ಲ, ನೀವು ಕೇಳದಿದ್ದರೂ ಅದನ್ನು ಹೇಳಿಬಿಡುತ್ತೇನೆ. ಕ್ಯಾಥೊಲಿಕ್ ಸ್ನೇಹಿತರ ಮನೆಯ ಬೈಬಲ್‌ನಲ್ಲಿ 73 ಪುಸ್ತಕ, ನಮ್ಮ ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66. ಅವರು ಸೇರಿಸಿದರು ಅಂತ ನಮ್ಮವರು, ನೀವು ಕಿತ್ತು ಹಾಕಿದಿರಿ ಅಂತ ಅವರು. ವ್ಯತ್ಯಾಸ ಇರುವುದು ಹಳೆಯ ಒಡಂಬಡಿಕೆಯಲ್ಲಿ ಮಾತ್ರ. ಯೂದಿತ, ತೋಬಿತ, ಮಕ್ಕಬಿಯರ ಪುಸ್ತಕಗಳು ಗ್ರೀಕ್ ಬೈಬಲ್‌ನಲ್ಲಿ ಮೊದಲಿನಿಂದ ಇದ್ದವು, ಯೆಹೂದ್ಯರ ಹೀಬ್ರೂ ಬೈಬಲ್‌ನಲ್ಲಿ ಇರಲಿಲ್ಲ. ಜೆರೋಮ್‌ನಿಗೇ ಈ ಬಗ್ಗೆ ಅನುಮಾನ ಇತ್ತು, ಅಗಸ್ಟೀನ್ ಒಪ್ಪಿಕೊಂಡಿದ್ದ. 1534ರ ಜರ್ಮನ್ ಬೈಬಲ್‌ನಲ್ಲಿ ಲೂಥರ್ ಅವನ್ನು ಕಿತ್ತು ಹಾಕಲಿಲ್ಲ. ಓದಲು ಒಳ್ಳೆಯವು ಅಂತ ಬೇರೆ ಭಾಗವಾಗಿ ಇಟ್ಟ. 1546ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಅವು ಪವಿತ್ರ ಗ್ರಂಥವೇ ಅಂತ ಅಧಿಕೃತವಾಗಿ ಹೇಳಿತು. ಮುಂದಿನ ಸಲ ಆ ಮನೆಗೆ ಹೋದಾಗ ಯೂದಿತಳ ಕಥೆ ತೆಗೆದು ಓದಿ. 16 ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ.