ಕ್ಯಾಂಡಲ್ ಆರಿದ ಮೇಲೆ ಗ್ಲಾಸ್ ಒಳಗೆ ನೀರು ಯಾಕೆ ಏರುತ್ತೆ?

ಓದುಗರ ಪ್ರಶ್ನೆ: ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ನಡುವೆ ಕ್ಯಾಂಡಲ್ ಹಚ್ಚಿಟ್ಟು, ಮೇಲೆ ಗ್ಲಾಸ್ ಬೋರಲು ಹಾಕಿದ್ರೆ ಕ್ಯಾಂಡಲ್ ಆರುತ್ತೆ, ನೀರು ಗ್ಲಾಸ್ ಒಳಗೆ ಏರುತ್ತೆ. ಆಕ್ಸಿಜನ್ ಉರಿದು ಖಾಲಿ ಆಯ್ತು, ಆ ಜಾಗಕ್ಕೆ ನೀರು ಬಂತು ಅಂತ ನಮಗೆ ಹೇಳ್ಕೊಟ್ಟಿದ್ರು. ಮೊನ್ನೆ ಮಗಳಿಗೆ ಇದನ್ನೇ ಹೇಳ್ತಿದ್ದಾಗ ಒಬ್ರು ಅದು ತಪ್ಪು ಅಂದ್ರು. ಹಾಗಾದ್ರೆ ಸರಿ ಯಾವುದು?

ಉತ್ತರ: ತಪ್ಪು ಅಂದವರೇ ಸರಿ. ಆದ್ರೆ ಹಳೇ ವಿವರಣೆಯನ್ನ ಇಷ್ಟು ಜನ ನಂಬೋದಕ್ಕೂ ಒಂದು ಕಾರಣ ಇದೆ, ಯಾಕಂದ್ರೆ ಗಾಳಿಯಲ್ಲಿ ಆಕ್ಸಿಜನ್ ಇರೋದು ಸುಮಾರು 21%, ಈ ಪ್ರಯೋಗ ಮಾಡಿದ್ರೆ ನೀರು ಎಷ್ಟೋ ಸಲ ಗ್ಲಾಸಿನ ಐದನೇ ಒಂದು ಭಾಗದ ಹತ್ತಿರ ಹತ್ತಿರ ಬಂದು ನಿಲ್ಲುತ್ತೆ. ಲೆಕ್ಕ ಇಷ್ಟು ಚೆನ್ನಾಗಿ ಕೂತ್ಕೊಂಡ ಮೇಲೆ ಇನ್ನು ಅನುಮಾನ ಪಡೋರು ಯಾರು? ಪಾಠ ಮುಗೀತು, ಮಕ್ಕಳು ಬರ್ಕೊಂಡ್ರು, ಮುಂದಿನ ಪಾಠ.

ಒಂದು ಕೆಲಸ ಮಾಡಿ, ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪ್ರಯೋಗವನ್ನ ಇನ್ನೊಂದ್ಸಲ ಮಾಡಿ, ಈ ಸಲ ನೀರು ಎಷ್ಟು ಏರ್ತು ಅನ್ನೋದನ್ನ ಬಿಟ್ಟು ಯಾವಾಗ ಏರ್ತು ಅನ್ನೋದನ್ನ ನೋಡಿ. ಗ್ಲಾಸಿನ ಅಂಚಿನ ಕೆಳಗೆ ಎರಡು ನಾಣ್ಯ ಇಡಿ, ನೀರು ಹೋಗಿ ಬರೋಕೆ ಸಂದು ಬೇಕಲ್ಲ. ನೀರಿಗೆ ಸ್ವಲ್ಪ ಬಣ್ಣ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ.

ಆಕ್ಸಿಜನ್ ಖಾಲಿ ಆಗ್ತಾ ಇರೋದ್ರಿಂದಲೇ ನೀರು ಏರೋದಾದ್ರೆ, ಕ್ಯಾಂಡಲ್ ಉರೀತಿರೋ ಅಷ್ಟು ಹೊತ್ತೂ ನೀರು ನಿಧಾನಕ್ಕೆ ಒಂದೇ ಸಮ ಏರ್ತಾ ಹೋಗಬೇಕು, ಕ್ಯಾಂಡಲ್ ಆರಿದ ಕೂಡ್ಲೇ ನಿಂತು ಬಿಡಬೇಕು, ಅಲ್ವಾ? ಆಗೋದು ಉಲ್ಟಾ. ಉರೀತಿರುವಾಗ ನೀರು ಹೆಚ್ಚು ಕಡಿಮೆ ಸುಮ್ಮನಿರುತ್ತೆ, ಕೆಲವು ಸಲ ಅಂಚಿನ ಕೆಳಗಿಂದ ಗುಳ್ಳೆಗಳು ಹೊರಗೆ ಬರೋದೂ ಕಾಣುತ್ತೆ, ಅಂದ್ರೆ ಗಾಳಿ ಒಳಗಿಂದ ಹೊರಗೆ ಹೋಗ್ತಿದೆ. ಆಮೇಲೆ ಜ್ವಾಲೆ ಸಣ್ಣ ಆಗುತ್ತೆ, ಆರುತ್ತೆ, ಹೊಗೆ ಎಳೆ ಏಳುತ್ತೆ, ಆಗ ನೋಡಿ ನೀರು ಸರ್ರಂತ ನುಗ್ಗುತ್ತೆ. ಬೆಂಕಿಯೇ ಇಲ್ಲದ ಮೇಲೆ ಆಕ್ಸಿಜನ್ ತಿನ್ನೋರು ಯಾರು? ಅಷ್ಟರಲ್ಲೇ ಹಳೇ ವಿವರಣೆ ಕೆಳಗೆ ಬಿತ್ತು, ಇದಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ, ಕಣ್ಣಿದ್ರೆ ಸಾಕು.

ಹಾಗಾದ್ರೆ ನಡೀತಿರೋದು ಏನು ಅಂದ್ರೆ, ಮುಖ್ಯವಾಗಿ ಬಿಸಿ ಮತ್ತು ತಂಪು. ಗ್ಲಾಸನ್ನ ಜ್ವಾಲೆ ಮೇಲೆ ಇಳಿಸೋವಾಗಲೇ ಅದರೊಳಗೆ ಬಿಸಿ ಗಾಳಿ ತುಂಬ್ಕೊಳ್ಳುತ್ತೆ, ಬಿಸಿ ಗಾಳಿ ಹಿಗ್ಗುತ್ತೆ, ಹಿಗ್ಗಿದ್ದು ಗ್ಲಾಸಲ್ಲಿ ಹಿಡಿಸಲ್ಲ, ಹೆಚ್ಚಾಗಿದ್ದು ಹೊರಗೆ ಹೋಗುತ್ತೆ, ಸ್ವಲ್ಪ ನೀವು ಇಳಿಸೋಕೆ ಮುಂಚೆಯೇ, ಸ್ವಲ್ಪ ಆಮೇಲೆ ಗುಳ್ಳೆ ಆಗಿ. ಹೀಗಾಗಿ ನೀವು ಮುಚ್ಚಿದಾಗ ಒಳಗೆ ಸಿಕ್ಕಿಹಾಕ್ಕೊಂಡಿರೋದು ತುಂಬಿದ ಗ್ಲಾಸಿನ ಹಾಗೆ ಕಾಣೋ ಆದ್ರೆ ನಿಜವಾಗಿ ಕಡಿಮೆ ಇರೋ ಗಾಳಿ. ಕ್ಯಾಂಡಲ್ ಆರಿದ್ಮೇಲೆ ಅದು ತಣ್ಣಗಾಗುತ್ತೆ, ಕುಗ್ಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ, ಹೊರಗಿನ ವಾತಾವರಣದ ಒತ್ತಡ ತಟ್ಟೆ ನೀರಿನ ಮೇಲೆ ಕೂತಿರುತ್ತಲ್ಲ, ಅದು ನೀರನ್ನ ಒಳಗೆ ತಳ್ಳುತ್ತೆ.

ತಳ್ಳುತ್ತೆ ಅಂತಲೇ ಹೇಳಿದೀನಿ ಗಮನಿಸಿ. ಗ್ಲಾಸು ನೀರನ್ನ ಎಳ್ಕೊಳ್ತು ಅಂತ ನಾವೆಲ್ಲ ಮಾತಿಗೆ ಹೇಳ್ತೀವಿ, ಆದ್ರೆ ಗಾಳಿಗೆ ಎಳೆಯೋ ಶಕ್ತಿ ಅಂತ ಏನೂ ಇಲ್ಲ, ಅದಕ್ಕೆ ಗೊತ್ತಿರೋದು ತಳ್ಳೋದೊಂದೇ. ಪ್ರತಿ ಚದರ ಸೆಂಟಿಮೀಟರ್ ಮೇಲೂ ಸುಮಾರು 1 ಕೆಜಿ ತೂಕದಷ್ಟು ಒತ್ತಡ ನಮ್ಮ ಸುತ್ತ ಯಾವಾಗ್ಲೂ ಇದೆ, ಎಲ್ಲಾ ಕಡೆಯಿಂದಲೂ ಸಮ ಇರೋದ್ರಿಂದ ಗೊತ್ತಾಗಲ್ಲ ಅಷ್ಟೇ. 1640ರ ದಶಕದಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆ ಇಟ್ಕೊಂಡು ಇದನ್ನ ತೋರಿಸಿದ. ಗಾಳಿಯ ಒತ್ತಡ ಪಾದರಸವನ್ನ ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ಎತ್ತಿ ಹಿಡಿಯುತ್ತೆ, ನೀರಾದ್ರೆ ಸುಮಾರು 10 ಮೀಟರ್! ನಮ್ಮ ಗ್ಲಾಸಲ್ಲಿ ನೀರು 4 ಸೆಂಟಿಮೀಟರ್ ಏರೋಕೆ ಒಳಗಿನ ಒತ್ತಡ 0.5%ನಷ್ಟೂ ಇಳೀಬೇಕಾಗಿಲ್ಲ, ಅದಕ್ಕೇ ನೀರು ಅಷ್ಟು ಸಲೀಸಾಗಿ ಬಂದ್ಬಿಡುತ್ತೆ.

ಈಗ ಆ ಐದನೇ ಒಂದು ಭಾಗದ ವಿಷಯಕ್ಕೆ ಬರೋಣ, ನನಗೆ ತುಂಬ ಇಷ್ಟವಾದ ಭಾಗ ಇದೇ. ಗಾಳಿ ಎಷ್ಟು ಕುಗ್ಗುತ್ತೆ ಅಂತ ಲೆಕ್ಕ ಹಾಕೋಕೆ ಸೆಲ್ಸಿಯಸ್ ಡಿಗ್ರಿಗೆ 273 ಸೇರಿಸಿ ಕೆಲ್ವಿನ್ ಮಾಡ್ಕೋಬೇಕು, ಒತ್ತಡ ಬದಲಾಗದಿದ್ರೆ ಗಾಳಿಯ ಗಾತ್ರ ಅದರ ಪ್ರಕಾರವೇ ಹೆಚ್ಚು ಕಡಿಮೆ ಆಗುತ್ತೆ. ಒಳಗೆ ಸಿಕ್ಕಿಕೊಂಡ ಗಾಳಿ ಸರಾಸರಿ 93 ಡಿಗ್ರಿ ಇದ್ದು, ಅಂದ್ರೆ 366 ಕೆಲ್ವಿನ್, ಆಮೇಲೆ 20 ಡಿಗ್ರಿಗೆ ಇಳಿದ್ರೆ, ಅಂದ್ರೆ 293 ಕೆಲ್ವಿನ್, ಅದು ಮೊದಲಿನ 80% ಜಾಗಕ್ಕೆ ಕುಗ್ಗುತ್ತೆ. ಉಳಿದ 20% ಜಾಗಕ್ಕೆ ನೀರು! ಆಕ್ಸಿಜನ್ ಸುದ್ದಿಯೇ ಇಲ್ಲ, ಆದ್ರೂ ಅದೇ ಸಂಖ್ಯೆ ಬಂತು. ಶುದ್ಧ ಕಾಕತಾಳೀಯ. ಗಾಳಿ ಬರೀ 56 ಡಿಗ್ರಿವರೆಗೆ ಬಿಸಿ ಆಗಿದ್ದಿದ್ರೆ ನೀರು 11% ಮಾತ್ರ ಏರ್ತಿತ್ತು. ಅದಕ್ಕೇ ಈ ಪ್ರಯೋಗದ ಫಲಿತಾಂಶ ಒಂದೊಂದ್ಸಲ ಒಂದೊಂದು ಥರ ಬರೋದು, ಗ್ಲಾಸನ್ನ ತಟ್ಟಂತ ಮುಚ್ಚಿದ್ರೆ ಕಡಿಮೆ, ಜ್ವಾಲೆ ಮೇಲೆ ಸ್ವಲ್ಪ ಹೊತ್ತು ಹಿಡಿದು ಆಮೇಲೆ ಇಳಿಸಿದ್ರೆ ಜಾಸ್ತಿ. ಒಂದು ಕ್ಯಾಂಡಲ್ ಬದಲು ಮೂರು ಹಚ್ಚಿಡಿ, ನೀರು ಇನ್ನೂ ಮೇಲೆ ಹೋಗುತ್ತೆ. ಗ್ಲಾಸ್ ಅದೇ, ಅದರೊಳಗಿನ ಆಕ್ಸಿಜನ್ ಅದೇ 21%, ಕ್ಯಾಂಡಲ್ ಜಾಸ್ತಿ ಆದ ಮಾತ್ರಕ್ಕೆ ಆಕ್ಸಿಜನ್ ಜಾಸ್ತಿ ಆಗಲ್ಲವಲ್ಲ, ಜಾಸ್ತಿ ಆಗಿದ್ದು ಬಿಸಿ.

ಸರಿ, ಆದ್ರೆ ಆಕ್ಸಿಜನ್ ಖರ್ಚಾಗಿದ್ದು ಸುಳ್ಳಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಸುಳ್ಳಲ್ಲ, ಖರ್ಚಾಗುತ್ತೆ, ಆದ್ರೆ ಪೂರ್ತಿ ಅಲ್ಲ. ಕ್ಯಾಂಡಲ್ ಬಲು ನಾಜೂಕು, ಆಕ್ಸಿಜನ್ 21ರಿಂದ ಸುಮಾರು 16%ಗೆ ಇಳಿದ್ರೆ ಸಾಕು ಆರಿಹೋಗುತ್ತೆ. ನಾವು ಬಿಡೋ ಉಸಿರಲ್ಲೂ ಹೆಚ್ಚು ಕಡಿಮೆ ಅಷ್ಟೇ ಆಕ್ಸಿಜನ್ ಇರುತ್ತೆ! ಹಾಗಾಗಿ ಕ್ಯಾಂಡಲ್ ಆರಿದ ಗ್ಲಾಸಲ್ಲಿ ಆಕ್ಸಿಜನ್ ಖಾಲಿ ಅನ್ನೋದೇ ತಪ್ಪು, ಮುಕ್ಕಾಲು ಪಾಲು ಹಾಗೇ ಕೂತಿರುತ್ತೆ.

ಇನ್ನೊಂದು, ಖರ್ಚಾದ ಆಕ್ಸಿಜನ್ ಮಾಯ ಆಗಲ್ಲ, ಬೇರೆ ಅನಿಲ ಆಗಿ ವಾಪಸ್ ಬರುತ್ತೆ. ಪ್ಯಾರಾಫಿನ್ ಮೇಣದಲ್ಲಿ ಬೇರೆ ಬೇರೆ ಉದ್ದದ ಅಣುಗಳಿರುತ್ತವೆ, ಉದಾಹರಣೆಗೆ 25 ಕಾರ್ಬನ್ ಇರೋ ಒಂದು ಅಣು ತಗೊಳ್ಳಿ, ಅದು ಪೂರ್ತಿ ಉರಿಯೋಕೆ 38 ಆಕ್ಸಿಜನ್ ಅಣು ಬೇಕು, ಬದಲಿಗೆ 25 ಕಾರ್ಬನ್ ಡೈಆಕ್ಸೈಡ್, 26 ನೀರಾವಿ ಕೊಡುತ್ತೆ. ಒಟ್ಟು 51. ಅಂದ್ರೆ ಉರೀತಿರುವಾಗ ಅನಿಲ ಕಡಿಮೆ ಆಗೋದಿರಲಿ, ಜಾಸ್ತಿಯೇ ಆಗ್ತಿರುತ್ತೆ. ತಣ್ಣಗಾದಾಗ ನೀರಾವಿ ಹನಿ ಕಟ್ಟುತ್ತೆ, ಗ್ಲಾಸ್ ಒಳಗೋಡೆ ಮಂಜು ಹಿಡಿದ ಹಾಗೆ ಆಗೋದು ಅದಕ್ಕೇ. ಆವಿಯೆಲ್ಲ ನೀರಾಯ್ತು ಅಂತಲೇ ಇಟ್ಕೊಂಡ್ರೂ 38 ಹೋಗಿ 25 ಉಳೀತು, ನಿಜವಾದ ನಷ್ಟ 13, ಮೂರನೇ ಒಂದು ಭಾಗ. ಖರ್ಚಾಗಿದ್ದೇ 5%, ಅದರ ಮೂರನೇ ಒಂದು ಭಾಗ ಅಂದ್ರೆ 2%ಗಿಂತ ಕಡಿಮೆ. ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗುತ್ತಲ್ಲ ಅಂತ ಕೆಲವರು ವಾದ ಮಾಡ್ತಾರೆ, ಕರಗುತ್ತೆ ನಿಜ, ಆದ್ರೆ ನಿಧಾನ, ನೀರು ನುಗ್ಗೋ ಆ ಕೆಲವೇ ಸೆಕೆಂಡಲ್ಲಿ ಲೆಕ್ಕಕ್ಕೆ ಬರೋಷ್ಟು ಕರಗಲ್ಲ.

ಅಂದ ಹಾಗೆ ಈ ಪ್ರಯೋಗ ತುಂಬಾ ಹಳೇದು. ಕ್ರಿಸ್ತಪೂರ್ವದಲ್ಲೇ ಬೈಜಾಂಟಿಯಮ್‌ನ ಫೈಲೋ ಅನ್ನೋ ಗ್ರೀಕ್ ಎಂಜಿನಿಯರ್ ಇದನ್ನ ಬರೆದಿಟ್ಟಿದಾನೆ, ಗಾಳಿಯ ಒಂದು ಭಾಗ ಬೆಂಕಿಯಾಗಿ ಬದಲಾಗಿ ಗಾಜಿನ ಸೂಕ್ಷ್ಮ ರಂಧ್ರಗಳಿಂದ ತಪ್ಪಿಸ್ಕೊಂಡು ಹೋಗುತ್ತೆ ಅಂತ ಅವನ ಊಹೆ. ಆಕ್ಸಿಜನ್ ಅನ್ನೋದೊಂದು ಇದೆ ಅಂತ ಗೊತ್ತಾಗಿದ್ದು 1770ರ ದಶಕದಲ್ಲಿ, ಷೀಲೆ, ಪ್ರೀಸ್ಟ್ಲಿ, ಲವಾಸಿಯೇ ಅನ್ನೋ ವಿಜ್ಞಾನಿಗಳ ಕಾಲದಲ್ಲಿ. ಗಾಳಿಯ ಒಂದು ಭಾಗ ಎಲ್ಲೋ ಹೋಯ್ತು ಅನ್ನೋ ಕಥೆ ಮಾತ್ರ ಹಾಗೇ ಉಳೀತು ನೋಡಿ, ಹೋಗಿದ್ದು ಏನು ಅನ್ನೋದು ಬದಲಾಯ್ತು ಅಷ್ಟೇ.

ಇಷ್ಟೆಲ್ಲ ಲೆಕ್ಕ ಹೇಳಿದ್ರೆ ಮಗು ಆಕಳಿಸುತ್ತೆ, ಅದಕ್ಕೆ ಬೆಂಕಿಯೇ ಇಲ್ಲದ ಒಂದು ಪ್ರಯೋಗ ಮಾಡಿ ತೋರಿಸಿ. ಗ್ಲಾಸಿಗೆ ಬಿಸಿ ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಚೆಲ್ಲಿ, ಕೂಡ್ಲೇ ಆ ಬಿಸಿ ಗ್ಲಾಸನ್ನ ತಟ್ಟೆಯ ತಣ್ಣೀರಲ್ಲಿ ನಾಣ್ಯದ ಮೇಲೆ ಬೋರಲು ಹಾಕಿ. ನೀರು ಏರುತ್ತೆ. ಕ್ಯಾಂಡಲ್ ಇಲ್ಲ, ಬೆಂಕಿ ಇಲ್ಲ, ಒಂದು ಅಣು ಆಕ್ಸಿಜನ್ ಕೂಡ ಉರಿದಿಲ್ಲ. (ದಪ್ಪ ಗಾಜಿನ ಗ್ಲಾಸಿಗೆ ಕುದಿಯೋ ನೀರು ಹಾಕ್ಬೇಡಿ, ಒಡೀಬಹುದು. ಕೈ ಸುಡದಷ್ಟು ಬಿಸಿ ಸಾಕು, ಸ್ಟೀಲ್ ಲೋಟದಲ್ಲಿ ಮಾಡಿದ್ರೆ ಒಳಗೆ ಏನಾಯ್ತು ಅಂತ ಕಾಣಲ್ಲ.)

ಹಾಗಂತ ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಇದೆ ಅಂತ ಮನೆಯಲ್ಲಿ ತೋರಿಸೋಕೆ ಆಗೋದೇ ಇಲ್ವಾ? ಆಗುತ್ತೆ, ಆದ್ರೆ ಅದಕ್ಕೆ ಬೆಂಕಿ ಬದಲು ತುಕ್ಕು ಬೇಕು. ಸ್ಟೀಲ್ ವುಲ್, ಅಂದ್ರೆ ಕೂದಲಿನಷ್ಟು ತೆಳ್ಳಗಿನ ಕಬ್ಬಿಣದ ಎಳೆಗಳ ಉಂಡೆ, ತಗೊಂಡು ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಿಂಡಿ, ಅದರ ಮೇಲಿನ ಎಣ್ಣೆ ಪದರ ಹೋದ್ರೆ ತುಕ್ಕು ಬೇಗ ಹಿಡಿಯುತ್ತೆ. ಅದನ್ನ ಬಿಡಿಬಿಡಿಯಾಗಿ ಉದ್ದನೆ ಕಿರಿದಾದ ಗ್ಲಾಸಿನ ತಳಕ್ಕೆ ತುರುಕಿ, ಬೋರಲು ಮಾಡಿದ್ರೂ ಬೀಳಬಾರದು, ಗ್ಲಾಸನ್ನ ನೀರಲ್ಲಿ ಬೋರಲು ನಿಲ್ಲಿಸಿ ಮರೆತುಬಿಡಿ. ಪಾತ್ರೆ ಉಜ್ಜೋ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರ್ ಆಗಲ್ಲ, ಅದಕ್ಕೆ ತುಕ್ಕೇ ಹಿಡಿಯಲ್ಲ, ಎಷ್ಟು ದಿನ ಕಾದ್ರೂ ನೀರು ಇದ್ದಲ್ಲೇ ಇರುತ್ತೆ. ಇಲ್ಲಿ ನೀರು ಗಂಟೆಗಟ್ಟಲೆ ತಗೊಂಡು ನಿಧಾನಕ್ಕೆ ಏರುತ್ತೆ, ಹೆಚ್ಚು ಕಡಿಮೆ ಐದನೇ ಒಂದು ಭಾಗಕ್ಕೆ ಬಂದು ನಿಂತು ಬಿಡುತ್ತೆ, ಆಮೇಲೆ ಇನ್ನೂ ಎರಡು ದಿನ ಬಿಟ್ರೂ ಮುಂದೆ ಹೋಗಲ್ಲ, ಯಾಕಂದ್ರೆ ಕಬ್ಬಿಣ ಆಕ್ಸಿಜನ್ನನ್ನ ತಗೊಂಡು ಗಟ್ಟಿ ತುಕ್ಕಾಗಿ ಇಟ್ಕೊಳ್ಳುತ್ತೆ, ಕ್ಯಾಂಡಲ್ ಥರ ಬೇರೆ ಅನಿಲ ವಾಪಸ್ ಕೊಡಲ್ಲ, ಎಲ್ಲ ನಿಧಾನಕ್ಕೆ ನಡೆಯೋದ್ರಿಂದ ಬಿಸಿ ತಂಪಿನ ಗೊಂದಲವೂ ಇರಲ್ಲ.

ಮಗಳಿಗೆ ಇಷ್ಟಕ್ಕೂ ಸಮಾಧಾನ ಆಗದಿದ್ರೆ ಒಂದು ಉದ್ದ, ಒಂದು ಗಿಡ್ಡ ಕ್ಯಾಂಡಲ್ ಅಕ್ಕಪಕ್ಕ ಹಚ್ಚಿಟ್ಟು ಎರಡನ್ನೂ ದೊಡ್ಡ ಗಾಜಿನ ಜಾರ್‌ನಲ್ಲಿ ಒಟ್ಟಿಗೆ ಮುಚ್ಚಿ, ಮೊದಲು ಯಾವುದು ಆರುತ್ತೆ ಅಂತ ಕೇಳಿ. ಕಾರ್ಬನ್ ಡೈಆಕ್ಸೈಡ್ ಭಾರ, ಕೆಳಗೆ ಕೂರುತ್ತೆ, ಹಾಗಾಗಿ ಗಿಡ್ಡದು ಅಂತ ದೊಡ್ಡವರೇ ಹೇಳ್ತಾರೆ. ಸಾಮಾನ್ಯವಾಗಿ ಉದ್ದದ್ದೇ ಮೊದಲು ಆರುತ್ತೆ. ಜ್ವಾಲೆಯಿಂದ ಬರೋ ಕಾರ್ಬನ್ ಡೈಆಕ್ಸೈಡ್ ಬಿಸಿಯಾಗಿರುತ್ತೆ, ಬಿಸಿ ಇರೋವರೆಗೆ ಅದು ಸುತ್ತಲಿನ ಗಾಳಿಗಿಂತ ಹಗುರ, ಹಾಗಾಗಿ ಮೇಲೆ ಹೋಗಿ ಜಾರ್‌ನ ನೆತ್ತಿಯಲ್ಲಿ ಶೇಖರ ಆಗುತ್ತೆ, ಅಲ್ಲಿಂದ ಕೆಳಗಡೆಗೆ ತುಂಬ್ತಾ ಬರುತ್ತೆ.